ನಡುಮನೆಗೆ ಬಂದ ಕಡಲು

ಅವತ್ತು ಬೆಳಿಗ್ಗೆ ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ಗಾಳಿಯನ್ನು ಮೂಸಿದಳು. ಇನ್ನೊಂದು ಸಲ ಮೂಸಿದಳು. ಆಮೇಲೆ ಸೆರಗನ್ನು ಮೂಗಿಗೆ ಒತ್ತಿಕೊಂಡು ನನ್ನ ಕಡೆ ತಿರುಗಿ, "ಮೀನ್ ಕಣಮ್ಮಿ" ಅಂದಳು.

ಹುಣಸೂರಿನಲ್ಲಿ ಮೀನು ಸಿಗುವುದಿಲ್ಲವೆಂದಲ್ಲ. ಲಕ್ಷ್ಮಣತೀರ್ಥದ ದಂಡೆಯಲ್ಲಿ ಗಾಳ ಹಾಕಿಕೊಂಡು ಕೂತವರನ್ನು ನೋಡಿಕೊಂಡೇ ಬೆಳೆದವಳು ನಾನು. ಆದರೆ ನಮ್ಮ ಹಿತ್ತಲಲ್ಲಿ ಮೀನು! ಲಿಂಗಪೂಜೆ ಮುಗಿಯದೆ ಒಲೆ ಹಚ್ಚದ ಮನೆ ನಮ್ಮದು. ಅಪ್ಪ ಹೊಗೆಸೊಪ್ಪಿನ ವ್ಯಾಪಾರಿ. ಮಂಡಿಯಲ್ಲಿ ಯಾರ ಜೊತೆ ಬೇಕಾದರೂ ಕೂತು ನಗುವವರು, ಮನೆಯ ಹೊಸಿಲು ದಾಟಿದರೆ ಬಲು ಬಿಗಿ. ಹಿತ್ತಲ ಕೋಣೆಯನ್ನು ಮಡಿಕೇರಿ ಬಸ್ಸಿನ ಡ್ರೈವರ್ ಒಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದರು. ಅವನು ಮಂಗಳೂರು ಕಡೆಯವನು. ಅವನ ಹೆಂಡತಿಯ ತವರು ಕಡಲ ದಂಡೆಯ ಮೀನುಗಾರರ ಕೇರಿ. "ಈ ಕಾಂಪೌಂಡಿನ ಒಳಕ್ಕೆ ಮೀನು ಬಂದ ದಿನ ನೀವು ಆಚೆಗೆ" ಎಂದು ಹೇಳಿಯೇ ಅಪ್ಪ ಅವರಿಗೆ ಬೀಗದ ಕೈ ಕೊಟ್ಟಿದ್ದು.

ನನ್ನ ಗಂಡನ ಮನೆ ಎರಡು ಬೀದಿ ಆಚೆ. ತಂಗಿಯ ಮದುವೆ ಹತ್ತಿರ ಬಂದಿತ್ತಾದ್ದರಿಂದ ನಾನು ತವರಲ್ಲೇ ಬೀಡುಬಿಟ್ಟಿದ್ದೆ. ಜಗಳದ ಕೆಲಸವಿದ್ದರೆ ಅವ್ವ ಮೊದಲಿಂದಲೂ ನನ್ನನ್ನೇ ಕಳಿಸುವುದು. ನನಗೂ ಅದರಲ್ಲಿ ಬೇಜಾರಿರಲಿಲ್ಲ, ಸುಳ್ಳೇಕೆ ಹೇಳಲಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಏನೇನು ಬಯ್ಯಬೇಕೆಂದು ದಾರಿಯಲ್ಲೇ ಜೋಡಿಸಿಕೊಂಡು, ಹಿತ್ತಲು ದಾಟಿ ಹೋಗಿ ಆ ಕೋಣೆಯ ಬಾಗಿಲು ತಳ್ಳಿದೆ.

ಬಯ್ಯಲು ತೆರೆದ ಬಾಯಿ ಹಾಗೇ ಉಳಿಯಿತು.

ಎದುರುಗೋಡೆಗೆ ಕೆಮ್ಮಣ್ಣು ಬಳಿದಿತ್ತು. ಕೆಮ್ಮಣ್ಣಿನ ಮೇಲೆ ಸುಣ್ಣದಲ್ಲಿ ಕಣ್ಣುಗಳು. ಒಂದಕ್ಕೊಂದು ಸಿಕ್ಕಿಕೊಂಡ ಬಿಳಿಯ ಕಣ್ಣುಗಳು, ಮೇಲುಗಡೆ ಸಣ್ಣಸಣ್ಣವು, ಕೆಳಕ್ಕೆ ಬಂದ ಹಾಗೆ ದೊಡ್ಡವು. ಗೋಡೆ ಅಲ್ಲಾಡುತ್ತಿದೆಯೋ ನನ್ನ ತಲೆ ತಿರುಗುತ್ತಿದೆಯೋ ಗೊತ್ತಾಗಲಿಲ್ಲ. ಗೋಡೆಯ ಮುಂದೆ ಡ್ರೈವರನ ಹೆಂಡತಿ, ಮೊಣಕೈವರೆಗೆ ಸುಣ್ಣ ಮಾಡಿಕೊಂಡು, ತೊಟ್ಟಿಕ್ಕುತ್ತಿದ್ದ ಹರಕು ಬಲೆಯೊಂದನ್ನು ಹಿಡಿದು ನಿಂತಿದ್ದಳು.

"ಮೀನೆಲ್ಲಿ?" ಎಂದೆ. ಬಂದ ಕೆಲಸ ಅದೇ ತಾನೆ.

"ಮೀನು ಇಲ್ಲ ಅಕ್ಕ," ಅಂದಳು. ಹೆದರಿ ಗೋಡೆಗೆ ಅಂಟಿಕೊಂಡಿದ್ದಳು. "ಬಲೆ ಉಂಟಲ್ಲ, ಅದರದ್ದು ವಾಸನೆ. ನಮ್ಮ ಅಪ್ಪನ ಬಲೆ. ಹರಿದು ಹೋಗಿತ್ತು, ಈರುಳ್ಳಿ ತೂಗುಹಾಕಲಿಕ್ಕೆ ಆಗುತ್ತದೆ ಅಂತ ತಂದದ್ದು. ನೀರು ತಾಗಿದರೆ ಹೀಗೆ ವಾಸನೆ ಬರುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ, ಎಂಥ ಮಾಡುವುದು?"

ಅವಳು ಬಾಯಿ ಬಿಟ್ಟರೆ ಪಾಠದ ಪುಸ್ತಕ ಮಾತಾಡಿದ ಹಾಗೆ. ನಮ್ಮ ಮನೆಯಲ್ಲಿ ಎಲ್ಲರೂ ಅವಳ ಮಾತನ್ನು ಆಡಿ ತೋರಿಸಿ ನಗುತ್ತಿದ್ದೆವು. ಅವತ್ತು ನನಗೆ ನಗು ಬರಲಿಲ್ಲ. "ಇದೇನಿದು ಗೋಡೆ ಮೇಲೆ?" ಎಂದು ಕೇಳಿದೆ.

"ಕಡಲು," ಅಂದಳು.

ನಾನು ಕಡಲು ನೋಡಿದವಳಲ್ಲ. ಹೆಗ್ಗಡದೇವನಕೋಟೆಯ ನೆಂಟರ ಮನೆಗೆ ಹೋದಾಗ ಕಪಿಲೆ ತುಂಬಿ ಹರಿಯುವುದನ್ನು ನೋಡಿ, ಇದಕ್ಕಿಂತ ದೊಡ್ಡ ನೀರು ಲೋಕದಲ್ಲಿ ಇರಲಾರದು ಎಂದುಕೊಂಡಿದ್ದೆ. ಇವಳು ಆ ಹರಕು ಬಲೆಯನ್ನು ಸುಣ್ಣದ ನೀರಿಗೆ ಅದ್ದಿ, ಹಿಂಡಿ, ಎರಡೂ ಕೈಯಲ್ಲಿ ಹರಡಿ ಗೋಡೆಗೆ ಪಟ್ಟನೆ ಒತ್ತಿ ಎತ್ತಿದಳು. ಬಲೆಯ ಕಣ್ಣುಗಳೆಲ್ಲ ಗೋಡೆಯ ಮೇಲೆ ಕೂತವು. ಅದೇ ನೀರಿನ ಮೇಲಿನ ಬಿಸಿಲಂತೆ. ತೆಂಗಿನ ನಾರನ್ನು ಜಜ್ಜಿ ಕುಂಚ ಮಾಡಿಕೊಂಡು ಒರೆಸಿದರೆ ನೊರೆ. ಕಪ್ಪೆಚಿಪ್ಪಿನ ಅಂಚನ್ನು ಸುಣ್ಣಕ್ಕೆ ಅದ್ದಿ ಒತ್ತಿದರೆ ಹಾರುವ ಹಕ್ಕಿ. ಬರೆಯುವುದೆಂದರೆ ಬೆರಳಲ್ಲಿ ಬರೆಯುವುದು ಎಂದು ತಿಳಿದಿದ್ದ ನನಗೆ ಇದೆಲ್ಲ ಹೊಸದು.

"ನಂಗೂ ಕೊಡಮ್ಮಿ ಒಂದ್ಸಲ," ಎಂದು ಕೈಚಾಚಿದೆ. ಬಯ್ಯಲು ಬಂದವಳೆಂಬುದು ಅಷ್ಟರಲ್ಲೇ ಮರೆತುಹೋಗಿತ್ತು.

ನಾನು ಒತ್ತಿದ್ದೇನೋ ಸರಿ, ಎತ್ತುವಾಗ ಎಳೆದುಬಿಟ್ಟೆ. ಕಣ್ಣುಗಳೆಲ್ಲ ಕಲಸಿಹೋಗಿ ಬಿಳಿ ಬರೆ ಎಳೆದ ಹಾಗಾಯಿತು. ಹಾಳಾಯಿತಲ್ಲ ಎಂದು ನಾಲಿಗೆ ಕಚ್ಚಿಕೊಂಡರೆ, ಅವಳು ಚಪ್ಪಾಳೆ ತಟ್ಟಿ ನಕ್ಕಳು. "ಇದು ದೊಡ್ಡ ಅಲೆ ಆಯ್ತು ಅಕ್ಕ! ಇರಲಿ, ಇರಲಿ. ನನಗೆ ಇಷ್ಟು ದೊಡ್ಡದು ಬರುವುದೇ ಇಲ್ಲ!"

ನಾನು ನಮ್ಮ ಬೀದಿಗೆಲ್ಲ ಹೆಸರಾದ ರಂಗೋಲಿಗಾರ್ತಿ. ನಮ್ಮದೆಲ್ಲ ಚುಕ್ಕಿಯ ಲೆಕ್ಕ. ಒಂದು ಚುಕ್ಕಿ ಆಚೀಚೆ ಆದರೆ ಬಿಡಿಸಿದ್ದಷ್ಟೂ ದಂಡ, ಅಳಿಸಿ ಮೊದಲಿಂದ ಶುರು. ಇವಳ ಕೆಲಸದಲ್ಲಿ ತಪ್ಪಿದ್ದೂ ಅಲೆಯಾಗುತ್ತದೆ! ಅವಳ ಊರಲ್ಲಿ ಮನೆಗೆ ತೆಂಗಿನ ಮಡಲು ಹೆಣೆದ ತಟ್ಟಿ, ಗೋಡೆಯೇ ಇಲ್ಲವಂತೆ. ಹಾಗಾಗಿ ಒದ್ದೆ ಮರಳಿನ ಮೇಲೆ ಹಿಮ್ಮಡಿಯಲ್ಲಿ ಬರೆಯುತ್ತಿದ್ದಳಂತೆ, ನೀರು ಬಂದು ಅಳಿಸುತ್ತಿತ್ತಂತೆ. "ಇಲ್ಲಿ ಯಾರೂ ಅಳಿಸುವುದಿಲ್ಲ. ಆದರೆ ನೋಡುವವರೂ ಇಲ್ಲ. ಇವರಿಗೆ ಬಸ್ಸಿನ ಕೆಲಸದಲ್ಲಿ ಪುರುಸೊತ್ತಿಲ್ಲ," ಅಂದಳು. ಮದುವೆಯಾಗಿ ಬಂದ ಮೇಲೆ ಅವಳು ತವರಿಗೆ ಹೋಗಿರಲಿಲ್ಲ, ಅಲ್ಲಿಂದ ಯಾರೂ ಬಂದಿರಲೂ ಇಲ್ಲ. ನನಗೆ ಎರಡು ಬೀದಿ ದಾಟಿದರೆ ತವರು. ಪಾಪ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಆ ಬಲೆಯನ್ನು ಇನ್ನೊಂದು ಸಲ ಹಿಡಿಯಬೇಕು ಅನ್ನಿಸಿತು.

ನಮ್ಮ ಮನೆಯಲ್ಲಿ ಮದುವೆಗೆ ಮುಂಚೆ ನಡುಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಸುಣ್ಣದಲ್ಲಿ ಹಸೆ ಬರೆಯುತ್ತಾರೆ. ಆ ಗೋಡೆಯ ಮುಂದೆಯೇ ಮಣೆ ಹಾಕಿ ಹೆಣ್ಣು ಗಂಡನ್ನು ಕೂರಿಸಿ ಆರತಿ ಎತ್ತುವುದು. ಬರೆಯುವುದು ಹೆಣ್ಣಿನ ಅಕ್ಕನ ಹಕ್ಕು, ಅಂದರೆ ನನ್ನದು. ಹಿತ್ತಲಿಂದ ಹಿಂದಿರುಗುವಷ್ಟರಲ್ಲಿ ನಾನು ಮನಸ್ಸು ಮಾಡಿಯಾಗಿತ್ತು.

"ಮೀನಿಲ್ಲ ಕಣವ್ವ, ಬರೀ ಬಲೆ," ಎಂದು ಅವ್ವನಿಗೆ ವರದಿ ಒಪ್ಪಿಸಿ, "ಹಸೆ ಅವ್ಳ ಕೈಲಿ ಬರೆಸ್ತೀನಿ," ಎಂದೆ.

ಅವ್ವ ಸೌಟು ಕೆಳಗಿಟ್ಟಳು. "ಬುದ್ಧಿ ನೆಟ್ಗೈತಾ ನಿಂಗೆ?"

ನಾನು ಅವಳ ಕೈಹಿಡಿದು ದರದರ ಎಳೆದುಕೊಂಡು ಹೋಗಿ ಆ ಗೋಡೆಯನ್ನು ತೋರಿಸಿದೆ. ಅವ್ವ ಹತ್ತಿರ ಹೋಗಿ ಒಂದು ಅಲೆಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಕೊನೆಗೆ, "ಚೆಂದಾಗೇನೋ ಅದೆ. ನೀರು ಬರ್ದ್ರೆ ಬರೀಲಿ, ಗಂಗವ್ವ ತಾನೆ. ಆದ್ರೆ ಒಂದು ಮೀನೂ ಕೂಡ್ದು. ನಿಮ್ಮಪ್ಪ ಸುಮ್ಕೆ ಬುಡಾಕಿಲ್ಲ, ಇವರನ್ನ ಅವತ್ತೇ ಖಾಲಿ ಮಾಡಿಸ್ತಾರೆ," ಅಂದಳು. ಡ್ರೈವರನ ಹೆಂಡತಿ ಆಯಿತೆಂದು ತಲೆಯಾಡಿಸಿದಳು.

ಮದುವೆಯ ಹಿಂದಿನ ಮಧ್ಯಾಹ್ನ ಅಪ್ಪ ಮತ್ತು ಗಂಡಸರೆಲ್ಲ ಚಪ್ಪರದ ಕೆಲಸದಲ್ಲಿದ್ದರು. ನಾವಿಬ್ಬರೂ ನಡುಮನೆಯ ಬಾಗಿಲು ಮುಂದಕ್ಕೆ ಎಳೆದುಕೊಂಡು ಶುರು ಮಾಡಿದೆವು. ಮದುವೆ ಹೆಣ್ಣು ಅರಿಶಿನದ ಮೈಯಲ್ಲೇ ಬಂದು ಸುಣ್ಣ ಕಲಸಿಕೊಟ್ಟಳು. ನಾನು ಒತ್ತುವುದು, ಡ್ರೈವರನ ಹೆಂಡತಿ ನಾರಿನಿಂದ ನೊರೆ ಎಬ್ಬಿಸುವುದು. ನಗು, ಕೂಗಾಟ, ಮೈಮೇಲೆಲ್ಲ ಸುಣ್ಣ. ನನ್ನ ಮದುವೆಯಲ್ಲೂ ನಾನು ಅಷ್ಟು ನಕ್ಕಿರಲಿಲ್ಲ. ಸಂಜೆಯ ಹೊತ್ತಿಗೆ ಗೋಡೆಯಷ್ಟೂ ನೀರಾಯಿತು. ನೀರಿನ ಮೇಲೆ ಎರಡು ಕಡೆಯೂ ಮೂತಿ ಎತ್ತಿದ ಒಂದು ದೋಣಿ, ಕೆಳಗೆ ಮೂಲೆಯಲ್ಲಿ ಒಂದಿಷ್ಟು ಬರಿಯ ದಂಡೆ.

ಅವಳು ಹಿಂದಕ್ಕೆ ಸರಿದು ನೋಡಿದಳು. ಮುಖ ಸಪ್ಪಗಾಯಿತು.

"ಏನಾಯ್ತೆ?"

"ಎಂಥದ್ದೂ ಇಲ್ಲ. ಮೀನು ಇಲ್ಲದ ಕಡಲು ಅಕ್ಕ. ಮನೆ ಕಟ್ಟಿ ಜನ ಬಾರದ ಹಾಗೆ ಕಾಣುತ್ತದೆ."

ನಾನು ಗೋಡೆ ನೋಡಿದೆ. ಅವಳು ಹೇಳಿದ ಮೇಲೆ ನನಗೂ ಹಾಗೇ ಕಾಣತೊಡಗಿತು. ನನ್ನ ಬುದ್ಧಿಯೇ ಹಾಗೆ, ಒಂದು ಸಲ ಕಂಡರೆ ಮುಗಿಯಿತು. "ಬರಿ," ಎಂದೆ. "ಯಾರಾದ್ರೂ ಕೇಳಿದ್ರೆ ನಾನ್ ಯೋಳ್ತೀನಿ, ನಾನೇ ಬರೆಸಿದ್ದು ಅಂತ." ಅವಳು ಎರಡನೆಯ ಮಾತಿಗೆ ಕಾಯಲಿಲ್ಲ. ಉದ್ದನೆಯ ಮೀನುಗಳು ಸಾಲುಸಾಲಾಗಿ ಗೋಡೆ ತುಂಬಿದವು. ಅವುಗಳ ಬೆನ್ನಿನ ಗೆರೆ, ಪಕ್ಕೆಯ ಗೆರೆ, ಒಂದೊಂದನ್ನೂ ಕಡ್ಡಿಯ ತುದಿಯಲ್ಲಿ ಎಳೆದಳು. ತಂಗಿ ಖುಷಿಯಲ್ಲಿ ನಾಲ್ಕು ಮೂಲೆಗೂ ಕುಂಕುಮ ಇಟ್ಟು ದೀಪ ತೋರಿಸಿಬಿಟ್ಟಳು.

ಅವ್ವ ಬಂದು ನೋಡಿ ಎದೆ ಹಿಡಿದುಕೊಂಡಳು. ಬಳಿದುಹಾಕೋಣವೆಂದರೆ ಹಾಗಿಲ್ಲ. ಕುಂಕುಮ ಇಟ್ಟ ಹಸೆಯನ್ನು ಮದುವೆಗೆ ಮುಂಚೆ ಅಳಿಸುವುದೆಂದರೆ ಹೆಣ್ಣಿನ ಹಣೆ ಅಳಿಸಿದ ಹಾಗೆ ಎಂದು ನಮ್ಮ ಕಡೆ ತಿಳಿಯುತ್ತಾರೆ. "ನಿನ್ ಕೈಗೆ ಕೆಲ್ಸ ಕೊಟ್ಟೆನಲ್ಲ, ನನ್ ತಪ್ಪು," ಎಂದು ಅವ್ವ ತಲೆ ಚಚ್ಚಿಕೊಂಡಳು. "ನಾಳೆ ಯಾರಾದ್ರೂ ಕೇಳಿದ್ರೆ ಎಲೆ ಅಂದ್ಬುಡಿ. ಇಬ್ರೂ. ಬೀಗ್ರು ಮುನಿಸ್ಕೊಂಡು ಎದ್ದೋದ್ರೆ ಇವಳ ಮದುವೆ ಕೆಡ್ತದೆ. ನಿಮ್ಮಪ್ಪ ಆ ಹುಡುಗಿ ಸಾಮಾನನ್ನ ಬೀದಿಗೆ ಆಕ್ತಾರೆ." ಅಪ್ಪ ರಾತ್ರಿ ಊಟಕ್ಕೆ ಬಂದವರು ಗೋಡೆಯತ್ತ ಕಣ್ಣು ಹಾಯಿಸಿ, "ಏನೋ ಬಳ್ಳಿ ಬರ್ದಿದ್ದೀರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಲಗಲು ಹೋದರು. ನನಗೆ ಉಸಿರು ಬಂತು.

ಗಂಡಿನವರು ಕಂಪಲಾಪುರದವರು. ಅವರೂ ಹೊಗೆಸೊಪ್ಪು ಬೆಳೆಯುವವರೇ. ಆ ಮನೆಯಲ್ಲಿ ಗಂಡಿನ ಅಜ್ಜಿಯ ಮಾತೇ ಮಾತು. ಇನ್ನೆಲ್ಲೋ ಹೆಣ್ಣು ನೋಡಲು ಹೋದಾಗ ಪಾಯಸಕ್ಕೆ ಬೆಲ್ಲ ಕಮ್ಮಿಯಾಯಿತೆಂದು ಎದ್ದು ಬಂದವರಂತೆ. ಇಂಥ ಅಜ್ಜಿ ಮದುವೆಯ ಬೆಳಿಗ್ಗೆ ಬಸ್ಸಿಳಿದು, ಕಾಲಿಗೆ ನೀರು ಹಾಕಿಸಿಕೊಂಡು, ಊರುಗೋಲು ಕುಟ್ಟಿಕೊಂಡು ನೇರವಾಗಿ ನಡುಮನೆಗೆ ಬಂದು ಹಸೆಯ ಎದುರು ನಿಂತರು. ಹಿಂದೆ ಹೆಣ್ಣುಮಕ್ಕಳ ದಂಡು.

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. ಕುತ್ತಿಗೆ ಮುಂದಕ್ಕೆ ಚಾಚಿ ನೋಡಿದರು. ಆಮೇಲೆ ಊರುಗೋಲನ್ನು ನೆಲಕ್ಕೆ ಬಡಿದು, "ಆಹಾ! ಏನ್ ಸೊಪ್ಪು, ಏನ್ ಸೊಪ್ಪು!" ಅಂದರು.

ನಾನು ಅವ್ವನ ಮುಖ ನೋಡಿದೆ. ಅವ್ವ ನನ್ನ ಮುಖ ನೋಡಿದಳು.

"ಸಾಲಾಗಿ ನೇತಾಕಿ ಒಣಗಾಕವ್ರೆ ನೋಡ್ರವ್ವ. ನರ ಎಲ್ಲ ಎಂಗೆ ಎದ್ದು ಕಾಣ್ತಾವೆ! ಒಂದೆಲೆಗೂ ಉಳ ಬಿದ್ದಿಲ್ಲ!" ಅಜ್ಜಿ ಊರುಗೋಲೆತ್ತಿ ತೋರಿಸತೊಡಗಿದರು. "ಇದು ಮಳೆ ಬಿದ್ದು ಅದವಾಗಿರೋ ಒಲ, ಸಾಲು ಒಡ್ದವ್ರೆ. ಇದೋ ತೊಟ್ಲು. ಬೆಳೆ ಬರ್ಲಿ, ಮನೆ ತುಂಬ್ಲಿ, ತೊಟ್ಲು ತೂಗ್ಲಿ ಅಂತ ಬರ್ದವ್ರೆ. ಇಂಥ ಹಸೆ ನಾನು ಉಟ್ಟಿದಾಗಿಂದ ಕಂಡಿಲ್ಲ ಕಣ್ರವ್ವ!"

ಹೆಂಗಸರೆಲ್ಲ "ಹೌದು ಹೌದು, ಎಂಥ ಸೊಪ್ಪು" ಎಂದು ದನಿಗೂಡಿಸಿದರು. ಅವ್ವನ ಮುಖ ಹೂವಿನ ಹಾಗೆ ಅರಳಿತು. ಅಪ್ಪ ಬಾಗಿಲಲ್ಲಿ ಬಂದು ನಿಂತು, ಏನೂ ಗೊತ್ತಿಲ್ಲದಿದ್ದರೂ ಮೀಸೆ ತಿರುವಿದರು. ಶಿವನೇ, ಬಚಾವಾದೆವು ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ. ಅಷ್ಟರಲ್ಲಿ ಅಜ್ಜಿ, "ಯಾರವ್ವ ಬರ್ದೋರು? ಕರೀರಿ, ನಾನು ನೋಡ್ಬೇಕು," ಅಂದರು.

ಡ್ರೈವರನ ಹೆಂಡತಿ ಕಂಬದ ಹಿಂದೆ ನಿಂತಿದ್ದಳು. ನಾನೇ ಹೋಗಿ ಕೈಹಿಡಿದು ಕರೆತಂದೆ. ಅವಳ ಮುಖ ನೋಡಿದ್ದೇ, ನನ್ನ ಸಂತೋಷವೆಲ್ಲ ಜರ್ರನೆ ಇಳಿಯಿತು. ಎಲ್ಲರೂ ಅವಳ ಗೋಡೆಯನ್ನು ಹೊಗಳುತ್ತಿದ್ದರು, ಒಬ್ಬರೂ ಅವಳ ಕಡಲನ್ನು ನೋಡಿರಲಿಲ್ಲ.

ಅಜ್ಜಿ ಅವಳ ಗಲ್ಲ ಹಿಡಿದರು. "ಯಾರ್ ಮಗಳವ್ವ ನೀನು? ನಮ್ ಸೊಪ್ಪನ್ನ ಇಷ್ಟು ಚೆಂದಾಗಿ ಎಲ್ಲಿ ನೋಡಿದ್ದೆ?"

ಅವಳು ನನ್ನತ್ತ ನೋಡಿದಳು. ಹೌದು ಅಂದರೆ ಮುಗಿಯಿತು. ಅವಳ ಕೋಣೆ ಉಳಿಯಿತು, ಗೋಡೆಯೂ ಉಳಿಯಿತು. ನಾನು ಕಣ್ಣಲ್ಲೇ ಹೌದೆನ್ನು ಎಂದೆ. ಅವಳು ಬಾಗಿಲಲ್ಲಿದ್ದ ಅಪ್ಪನನ್ನು ನೋಡಿದಳು, ಗೋಡೆಯನ್ನು ನೋಡಿದಳು.

"ಸೊಪ್ಪು ಅಲ್ಲ ಅಜ್ಜಿ," ಅಂದಳು. "ಅದು ಮೀನು."

ಓಲಗದವರು ಹೊರಗೆ ಊದುತ್ತಿದ್ದುದು ಮಾತ್ರ ಕೇಳಿಸಿತು. ಗಂಡಿನ ಅತ್ತೆಯೊಬ್ಬರು ಸೆರಗನ್ನು ಮೂಗಿಗೆ ಹಿಡಿದುಕೊಂಡರು, ಸುಣ್ಣದ ಮೀನೂ ನಾರುತ್ತದೆಂಬಂತೆ. ಅಪ್ಪನ ಮುಖ ಕೆಂಪಾಯಿತು, ಒಂದು ಹೆಜ್ಜೆ ಒಳಗಿಟ್ಟರು. ನಾನು ಅಡ್ಡ ನಿಂತೆ.

"ಬರಿ ಅಂದಿದ್ದು ನಾನು!" ಎಂದು ಕೂಗಿಬಿಟ್ಟೆ. "ಬಯ್ಯೋದಾದ್ರೆ ನನ್ನ ಬಯ್ಯಿ ಅಪ್ಪಯ್ಯ. ಅವ್ಳು ಒಲೆ ಮೇಲೆ ಒಂದಿನಾನೂ ಮೀನು ಇಟ್ಟಿಲ್ಲ. ಗೋಡೆ ಮೇಲೂ ಬ್ಯಾಡ ಅಂದ್ರೆ ಅವ್ಳು ಇನ್ನೆಲ್ಲಿ ಇಟ್ಕೋಬೇಕು?"

ಅಪ್ಪನ ಬಾಯಿಂದ ಮಾತು ಬರುವ ಮುಂಚೆ ಅಜ್ಜಿ ಊರುಗೋಲು ಬಡಿದರು. ಕೋಪ ಬಂದಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ನನಗೆ ಪಾಯಸದ ಕಥೆ ನೆನಪಾಯಿತು.

"ಅಂಗಾರೆ ಇದು ಒಲ ಅಲ್ವಾ?"

"ಅಲ್ಲ ಅಜ್ಜಿ. ಅಲೆ."

"ತೊಟ್ಲು?"

"ದೋಣಿ."

"ಅಯ್ಯೋ ನನ್ ಕಣ್ಣಿಗೆ ಮಣ್ಣಾಕ! ನಾನು ಇಷ್ಟೊತ್ತೂ ಏನ್ ನೋಡ್ದೆ ಅಂಗಾರೆ?" ಅಜ್ಜಿಯ ಕೋಪವೆಲ್ಲ ಅವರ ಕಣ್ಣಿನ ಮೇಲೆಯೇ. "ಮಣೆ ತತ್ತಾ ಇಲ್ಲಿ. ಮೊದ್ಲಿಂದ ತೋರ್ಸು. ಒಂದೂ ಬುಡ್ಬ್ಯಾಡ."

ಅತ್ತೆ ಮೂಗಿನಿಂದ ಸೆರಗು ತೆಗೆಯದೆಯೇ, "ಮದ್ವೆ ಮನೆ ಗೋಡೆ ಮೇಲೆ ಮೀನು ಅಂದ್ರೆ ಎಂಗವ್ವ?" ಎಂದು ರಾಗ ತೆಗೆದರು.

"ತಿನ್ನು ಅಂದ್ಲೇನೆ ಅವ್ಳು? ನೋಡು ಅಂದ್ಲು," ಎಂದು ಅಜ್ಜಿ ತಿರುಗಿಯೂ ನೋಡದೆ ಹೇಳಿದರು. ಸೆರಗು ಕೆಳಗಿಳಿಯಿತು.

ಅವಳು ತೋರಿಸಿದಳು. ಅಜ್ಜಿ ಮಣೆಯ ಮೇಲೆ ಕೂತು ಒಂದೊಂದನ್ನೂ ಕೇಳಿದರು. ಈ ನೀರಿನಾಚೆ ಏನಿದೆ? ನೀರು. ಅದರಾಚೆ? ಅದೂ ನೀರೇ. ಆಚೆ ದಡ? ಕಾಣುವುದಿಲ್ಲ ಅಜ್ಜಿ. "ಆಚೆ ದಡ ಕಾಣ್ದೆ ಇರೋ ನೀರಾ!" ಎಂದು ಅಜ್ಜಿ ಗಲ್ಲದ ಮೇಲೆ ಕೈಯಿಟ್ಟುಕೊಂಡರು. ಅಷ್ಟು ನೀರಿನ ಮೇಲೆ ಹೋದವರು ವಾಪಸು ಬರುತ್ತಾರಾ ಎಂದು ಕೇಳಿದರು. "ನಮ್ಮ ಅಪ್ಪ ಸಂಜೆಗೆ ಬರುತ್ತಿದ್ದರು, ನಾನು ದಂಡೆಯಲ್ಲಿ ಕಾಯುತ್ತಿದ್ದೆ," ಎಂದು ಅವಳು ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ದೊಡ್ಡದಾಯಿತು, ಕೈ ಆಡತೊಡಗಿತು. ಎಲ್ಲ ಹೆಂಗಸರೂ ನೆಲದ ಮೇಲೆ ಕೂತುಬಿಟ್ಟರು. ಒಳಗಿಂದ ಮದುವೆ ಹೆಣ್ಣೂ ಬಾಸಿಂಗ ಸರಿಮಾಡಿಕೊಳ್ಳುತ್ತ ಬಂದು ಕೂತಳು. ಪುರೋಹಿತರಾದ ಅಯ್ಯನವರು ಎರಡು ಸಲ ಮುಹೂರ್ತ ಎಂದು ಕೂಗಿ, ಕೊನೆಗೆ ತಾವೂ ಬಾಗಿಲಲ್ಲಿ ನಿಂತು ಇಣುಕಿದರು.

ಎಲ್ಲ ಕೇಳಿಯಾದ ಮೇಲೆ ಅಜ್ಜಿ ಕೆಳಮೂಲೆಯ ಬರಿಯ ದಂಡೆಗೆ ಊರುಗೋಲು ಚುಚ್ಚಿದರು. "ಇಲ್ಲಿ ಯಾರೂ ಇಲ್ವಲ್ಲವ್ವ?"

"ಇಲ್ಲ ಅಜ್ಜಿ."

"ಸುಣ್ಣ ಕೊಡು ಇತ್ಲಾಗೆ."

ಅಜ್ಜಿ ಸೊಂಟ ಬಗ್ಗಿಸಿ, ಬೆರಳನ್ನು ಸುಣ್ಣಕ್ಕೆ ಅದ್ದಿ ಗೋಡೆಯ ಮೇಲೆ ಗೀಚತೊಡಗಿದರು. ಒಂದು ಚಕ್ರ, ಅದರ ಮೇಲೊಂದು ಕಮಾನು, ಮುಂದೆ ನಾಲ್ಕು ಕಾಲಿನ ಎರಡು ಏನೋ. ಹೆಣ್ಣುಮಕ್ಕಳೆಲ್ಲ ನಗು ತಡೆಯಲಾರದೆ ಒಬ್ಬರ ಮೇಲೊಬ್ಬರು ಬಿದ್ದರು. "ನಗಿ, ನಗಿ. ಎತ್ತಿನ ಗಾಡಿ ಕಣ್ರೇ ಇದು. ನನ್ನ ಕಾಲು ಓಗಿ ಬರೋ ಕಾಲಲ್ಲ. ಇದ್ರಾಗೆ ಕುಂತ್ಕಂಡು ನೋಡ್ತೀನಿ." ಸುಣ್ಣದ ಕೈಯನ್ನು ಪಕ್ಕದಲ್ಲಿದ್ದ ಮೊಮ್ಮಗಳೊಬ್ಬಳ ಸೀರೆಗೆ ಒರೆಸಿ ಅಪ್ಪನ ಕಡೆ ತಿರುಗಿದರು. "ಏನ್ ಬೀಗ್ರೇ, ಬಾಗ್ಲಲ್ಲೇ ನಿಂತ್ಬುಟ್ರಿ?"

ಅಪ್ಪ ಗಂಟಲು ಸರಿಮಾಡಿಕೊಂಡರು. ನನ್ನನ್ನು ನೋಡಿದರು, ಗೋಡೆ ನೋಡಿದರು, ಆ ಹುಡುಗಿಯನ್ನು ನೋಡಿದರು. "ಸುಣ್ಣ ಇನ್ನೂ ಬೇಕಾದ್ರೆ ಮಂಡೀಲೈತೆ," ಅಂದರು. ಅದು ಅಪ್ಪನ ಬಾಯಲ್ಲಿ ಬರಬಹುದಾದ ಅತ್ಯಂತ ದೊಡ್ಡ ಒಪ್ಪಿಗೆ. ಅವ್ವ ಅಡುಗೆಮನೆಗೆ ಓಡಿಹೋಗಿ ಪಾಯಸಕ್ಕೆ ಇನ್ನೊಂದು ಅಚ್ಚು ಬೆಲ್ಲ ಹಾಕಿದಳಂತೆ.

ಧಾರೆಯೆಲ್ಲ ಮುಗಿದು, ಜನ ಊಟದ ಪಂಕ್ತಿಗೆ ಹೋದ ಮೇಲೆ ನಡುಮನೆಯಲ್ಲಿ ಅವಳೊಬ್ಬಳೇ ಗೋಡೆಯ ಮುಂದೆ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅಜ್ಜಿಯ ಗಾಡಿ ಒಂದು ಕಡೆಗೆ ವಾಲಿತ್ತು, ಎತ್ತುಗಳು ನಾಯಿಮರಿಗಳ ಹಾಗಿದ್ದವು. ಅಷ್ಟು ಅಚ್ಚುಕಟ್ಟಾದ ಗೋಡೆಯಲ್ಲಿ ಅದೊಂದೇ ಕಣ್ಣಿಗೆ ಹೊಡೆಯುತ್ತಿತ್ತು.

"ತಿದ್ತೀಯಾ? ಒದ್ದೆ ಬಟ್ಟೆ ತತ್ತೀನಿ," ಎಂದೆ.

"ಬೇಡ ಅಕ್ಕ." ಅವಳು ಕಣ್ಣೊರೆಸಿಕೊಂಡು ನಕ್ಕಳು. "ಈ ಊರಿನಿಂದ ನಮ್ಮ ಊರಿಗೆ ಇಷ್ಟು ದಿನ ಯಾರೂ ಹೊರಟದ್ದೇ ಇಲ್ಲ. ಈಗ ಒಂದು ಗಾಡಿ ಹೊರಟಿತಲ್ಲ."

ಮಣೆಯ ಪಕ್ಕದಲ್ಲಿ ಆರತಿ ತಟ್ಟೆ ಹಾಗೇ ಇತ್ತು. ಅದರಿಂದ ಬೆರಳಿಗೆ ಕುಂಕುಮ ತೆಗೆದುಕೊಂಡು ಅವಳು ಆ ಎರಡು ಎತ್ತುಗಳ ಹಣೆಗೆ ಒಂದೊಂದು ಚುಕ್ಕಿ ಇಟ್ಟಳು. ಆಮೇಲೆ ನಾವಿಬ್ಬರೂ ಊಟಕ್ಕೆ ಹೋದೆವು.